ಪೆಂಟ್ಟಿ ಕೊಟ್ಟ ಏಳು

ಬೆಳಿಗ್ಗೆ ಎದ್ದವಳೇ ಅತ್ತೆಗೆ ಬಿಸಿನೀರು, ಮಾತ್ರೆ ಕೊಟ್ಟೆ. ಹಲಸಂದೆ ಕಾಳು ನೆನೆಹಾಕಿದೆ. ಹಿತ್ತಲಿನ ಕುಂಡದಲ್ಲಿರುವ ಕರಿಬೇವಿಗೆ ನೀರು ಹಾಕಿ ಒಣಗಿದ ಎಲೆ ಕಿತ್ತೆ. ಬಟ್ಟೆ ಮೆಷಿನ್ನಿಗೆ ಹಾಕಿ ಅಲ್ಲೇ ಮರೆತೆ. ಗ್ರೋಸರಿಗೆ ಹೋಗಿ ರಾಗಿಹಿಟ್ಟು, ತೆಂಗಿನಕಾಯಿ ತಂದೆ. ದಂಟಿನ ಸೊಪ್ಪು ಇರಲಿಲ್ಲ, ಪಾಲಕ್ಕೇ ಸಾಕೆಂದುಕೊಂಡೆ. ಬರುವ ದಾರಿಯಲ್ಲಿ ಕಾರಿನ ಟೈರಿಗೆ ಗಾಳಿ ತುಂಬಿದೆ. ಮನೆಗೆ ಬಂದು ನೋಡಿದರೆ, ಫಿನ್ಲೆಂಡಿನಿಂದ ನಿನ್ನೆ ಬಂದಿಳಿದ ನಮ್ಮ ಅತಿಥಿ ಪೆಂಟ್ಟಿ ಡೈನಿಂಗ್ ಟೇಬಲ್ಲಿನ ಮೇಲೆ ಪೇಪರು ಹಾಸಿಕೊಂಡು ತಮ್ಮ ಬೂಟಿಗೆ ಪಾಲಿಶು ಹಾಕುತ್ತಿದ್ದರು. ಎದುರು ಕುರ್ಚಿಯಲ್ಲಿ ಅತ್ತೆ ಕೂತು ಅದನ್ನೇ ನೋಡುತ್ತಿದ್ದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಅದರಿಂದ ತೊಂದರೆಯಾದದ್ದನ್ನು ನಾನು ಇದುವರೆಗೆ ಕಂಡಿಲ್ಲ.

ಇಲ್ಲಿ ಅಮೆರಿಕದಲ್ಲಿ ನಮ್ಮ ಕನ್ನಡ ಸಂಘದವರು ವರ್ಷದ ಸಂಚಿಕೆಗೆ ಏನಾದರೂ ಬರೆಯಿರಿ ಎಂದು ಹಿಂದೆ ಬಿದ್ದು ಬಹಳ ದಿನವಾಯಿತು. ನಮ್ಮ ಮಕ್ಕಳಲ್ಲಿ ಕೆಲವರಿಗೆ ಆಟದ ತಂಡಗಳಲ್ಲಿ ಕೆಲಸ ಮಾಡುವ ಆಸೆಯಂತೆ. ಈ ಊರಿನ ಐಸ್ ಹಾಕಿ ತಂಡದ ಆಫೀಸಿನಲ್ಲಿ ಅಷ್ಟು ವರ್ಷ ಇದ್ದು ಈಗ ನಿವೃತ್ತಳಾಗಿ ಮನೆಯಲ್ಲಿ ಕೂತಿರುವ ನಮ್ಮವಳು ನಾನೊಬ್ಬಳೇ. ಬರೆಯಲು ಇವತ್ತಿಗಿಂತ ಒಳ್ಳೆಯ ದಿನ ಸಿಗಲಾರದು. ಕಾಳು ಬೇಯುವಷ್ಟರಲ್ಲಿ ಮುಗಿಸುತ್ತೇನೆಂದು ಶುರು ಮಾಡಿದ್ದೇನೆ, ಮುಗಿಯುವುದಿಲ್ಲ ಎಂದೂ ಗೊತ್ತು.

ಹಾಕಿ ಎಂದೊಡನೆ ಊರ ಕಡೆಯವರು, ಕೊಡಗಿನವರು ಆಡುತ್ತಾರಲ್ಲ ಅದಾ, ಎಂದು ಕೇಳುತ್ತಾರೆ. ಅದಲ್ಲ. ಇದು ಮಂಜುಗಡ್ಡೆಯ ಮೇಲೆ, ಕಾಲಿಗೆ ಸ್ಕೇಟು ಕಟ್ಟಿಕೊಂಡು ಆಡುವ ಆಟ. ಚೆಂಡಿನ ಬದಲು ಪಕ್ ಎಂಬ ರಬ್ಬರಿನ ಕರಿ ಬಿಲ್ಲೆ. ಸುತ್ತ ಗೋಡೆ. ವರ್ಷಕ್ಕೊಮ್ಮೆ ತಂಡಗಳೆಲ್ಲ ಸರದಿಯ ಮೇಲೆ ಹದಿನೆಂಟರ ಆಸುಪಾಸಿನ ಹುಡುಗರನ್ನು ಹೆಸರು ಕೂಗಿ ಆರಿಸಿಕೊಳ್ಳುತ್ತವೆ. ಅದಕ್ಕೆ ಡ್ರಾಫ್ಟು ಎನ್ನುತ್ತಾರೆ. ಒಬ್ಬರು ಕೂಗಿದ ಹುಡುಗ ಇನ್ನೊಬ್ಬರಿಗಿಲ್ಲ. ಯಾರನ್ನು ಕೂಗಬೇಕು ಎಂದು ಹೇಳುವವರು ಸ್ಕೌಟುಗಳು. ವರ್ಷವೆಲ್ಲ ಕೆನಡಾ, ಅಮೆರಿಕ, ಸ್ವೀಡನ್, ಫಿನ್ಲೆಂಡು ಅಂತ ಚಳಿಯಲ್ಲಿ ಊರೂರು ಅಲೆದು ಹುಡುಗರ ಆಟ ನೋಡಿ ವರದಿ ಬರೆಯುತ್ತಾರೆ. ನಾನು ಸ್ಕೌಟಲ್ಲ. ಅವರ ವರದಿಗಳನ್ನು ಟೈಪು ಮಾಡುವುದು, ಪ್ರತಿ ಹುಡುಗನ ಆಟದ ವಿಡಿಯೋ ಕತ್ತರಿಸಿ ಜೋಡಿಸುವುದು, ಗೋಡೆಯ ದೊಡ್ಡ ಹಲಗೆಯ ಮೇಲೆ ಹೆಸರಿನ ಅಯಸ್ಕಾಂತದ ಪಟ್ಟಿಗಳನ್ನು ಅಂಟಿಸುವುದು ನನ್ನ ಕೆಲಸ. ಮೇಲಿದ್ದವನು ಮೊದಲು, ಕೆಳಗಿದ್ದವನು ಕೊನೆಗೆ.

ನಾನು ಸೇರಿದ ಕಾಲಕ್ಕೆ ಯೂರೋಪಿನ ಪಂದ್ಯಗಳು ಡಿಸ್ಕಿನಲ್ಲಿ ಕೊರಿಯರು ಮೂಲಕ ಬರುತ್ತಿದ್ದವು. ಮೊದಲನೇ ವಾರ ಫಿನ್ಲೆಂಡಿನ ಡಿಸ್ಕು ಹಾಕಿ ಕೂತೆ. ಪ್ರತಿ ತಂಡದಲ್ಲೂ ಒಬ್ಬನಿಗೆ ಮಾತ್ರ ಬಂಗಾರದ ಬಣ್ಣದ ಹೆಲ್ಮೆಟ್ಟು, ಲಿವರ್‌ಮೋರಿನ ನಮ್ಮ ದೇವಸ್ಥಾನದ ಕಳಶದ ಹಾಗೆ. ಇವನೇ ಕ್ಯಾಪ್ಟನ್ ಇರಬೇಕೆಂದು ನಾನೇ ತೀರ್ಮಾನಿಸಿ ಹಾಗೇ ಬರೆದುಬಿಟ್ಟೆ. ತಂಡದಲ್ಲಿ ಹೆಚ್ಚು ಪಾಯಿಂಟು ಗಳಿಸಿದವನಿಗೆ ಆ ಹೆಲ್ಮೆಟ್ಟು ತೊಡಿಸುತ್ತಾರೆ ಎಂದು ಯಾರೋ ಹೇಳುವ ಹೊತ್ತಿಗೆ ನನ್ನ ಕ್ಯಾಪ್ಟನ್ನುಗಳು ಊರೆಲ್ಲ ತಿರುಗಿ ಬಂದಿದ್ದರು. ಇನ್ನು ಅಲ್ಲಿನ ಜೆರ್ಸಿ! ಎದೆ, ಬೆನ್ನು, ಚಡ್ಡಿ ಎಲ್ಲ ಕಡೆ ಜಾಹೀರಾತು, ನಮ್ಮ ಸಿಟಿ ಬಸ್ಸಿನ ಹಾಗೆ. ನಂಬರು ಹುಡುಕುವುದೇ ಒಂದು ಕೆಲಸ. ಒಂದು ಸಲ ಒಂದೇ ತಂಡದಲ್ಲಿದ್ದ ಅಣ್ಣತಮ್ಮಂದಿರಲ್ಲಿ ಅಣ್ಣನ ಆಟವನ್ನೆಲ್ಲ ಚೆಂದವಾಗಿ ಕತ್ತರಿಸಿ ತಮ್ಮನ ಹೆಸರು ಹಾಕಿ ಕಳಿಸಿದ್ದೆ. ಸದ್ಯ, ಇಬ್ಬರೂ ನಮಗೆ ಬೇಕಾಗಲಿಲ್ಲ.

ಆಫೀಸಿನ ಯಜಮಾನರು ಗಾರ್ಡನ್. ಕೆನಡಾದ ಗೋಧಿ ಬೆಳೆಯುವ ಬಯಲಿನ ಕಡೆಯವರು. ಚೂಯಿಂಗ್ ಗಮ್ಮಿನ ಕಾಗದವನ್ನು ಬಿಸಾಡದೆ ಮಡಿಚಿ ಮಡಿಚಿ ಜೇಬಿಗೆ ಹಾಕಿಕೊಳ್ಳುವರು. ಅವರ ಕಾಲದಲ್ಲಿ ಆ ಆಫೀಸಿನಲ್ಲಿ ಒಂದು ಪದ್ಧತಿ ಇತ್ತು. ಡ್ರಾಫ್ಟಿಗೆ ಮುಂಚಿನ ಕೊನೆಯ ಮೀಟಿಂಗಿನಲ್ಲಿ ಪ್ರತಿ ಸ್ಕೌಟೂ ಒಬ್ಬನೇ ಒಬ್ಬ ಹುಡುಗನಿಗಾಗಿ ಎದ್ದು ನಿಲ್ಲಬಹುದು. ಕುರ್ಚಿಯಿಂದ ನಿಜವಾಗಿ ಎದ್ದು ನಿಂತು, ಇವನು ನಮಗೆ ಯಾಕೆ ಬೇಕು ಅಂತ ಎಲ್ಲರ ಮುಂದೆ ಹೇಳಬೇಕು. ಉಳಿದವರು ನಡುವೆ ಬಾಯಿ ಹಾಕುವಂತಿಲ್ಲ. ಹೇಳಿದ್ದು ಹಿಡಿಸಿದರೆ ಗಾರ್ಡನ್ ಹೋಗಿ ಆ ಹುಡುಗನ ಪಟ್ಟಿಯನ್ನು ಹಲಗೆಯಲ್ಲಿ ಮೇಲಕ್ಕೆ ಸರಿಸುತ್ತಿದ್ದರು. ಕೆನಡಾ, ಅಮೆರಿಕದ ಸ್ಕೌಟುಗಳಿಗೆ ಅದು ಹಬ್ಬ. ಮೇಜು ಕುಟ್ಟುವವರು, ಹುಡುಗನ ಅಜ್ಜಿಯ ಕಥೆ ಹೇಳುವವರು, ಹಾಗೇ ಕಣ್ಣೊರೆಸಿಕೊಳ್ಳುವವರು. ಪೆಂಟ್ಟಿ ನಮ್ಮ ಫಿನ್ಲೆಂಡಿನ ಸ್ಕೌಟು, ಎಲ್ಲರಿಗಿಂತ ಹಳಬರು. ಅವರು ಫೋನಿನಲ್ಲಿ ಇರುತ್ತಿದ್ದರು. ಅವರ ಸರದಿ ಬಂದಾಗ ಪ್ರತಿ ವರ್ಷವೂ ಅದೇ ಮಾತು: "ನಾನು ಬರೆದಿದ್ದೀನಲ್ಲ."

ಬರೆದದ್ದಾದರೂ ಏನು? ಟೈಪು ಮಾಡಿದವಳು ನಾನು, ನನಗೆ ಗೊತ್ತು. "ಸ್ಕೇಟಿಂಗ್ ಸರಿಯಾಗಿದೆ. ಪಾಸು ಕೆಟ್ಟದ್ದಲ್ಲ. ನೋಡಬಹುದು." ಕೊನೆಗೆ ಹತ್ತಕ್ಕೆ ಐದು. ತುಂಬ ಸಂತೋಷವಾದ ದಿನ ಆರು. ಕೆನಡಾದ ಡಗ್ ಬರೆದರೆ ಅದೇ ಬಗೆಯ ಹುಡುಗ ಬೆಂಕಿ, ಸಿಡಿಲು, ಎಂಟೂವರೆ. ಕೆನಡಾದ ಹುಡುಗರು ತಮ್ಮ ವಯಸ್ಸಿನವರ ಜೊತೆ ಆಡುತ್ತಾರೆ, ಪಂದ್ಯವೆಲ್ಲ ಆಡುತ್ತಾರೆ, ಗೋಲು ಹೊಡೆಯುತ್ತಾರೆ. ಫಿನ್ಲೆಂಡಿನ ಒಳ್ಳೆಯ ಹುಡುಗನನ್ನು ಬೇಗನೆ ದೊಡ್ಡವರ ತಂಡಕ್ಕೆ ಸೇರಿಸುತ್ತಾರೆ. ಅಲ್ಲಿ ಗಡ್ಡ ಬಿಟ್ಟ ಗಂಡಸರ ನಡುವೆ ಅವನು ಬೆಂಚಿನ ಮೇಲೆ ಕೂತದ್ದೇ ಹೆಚ್ಚು. ಗೋಲೂ ಇಲ್ಲ, ಹೊಗಳಿಕೆಯೂ ಇಲ್ಲ. ಹಾಗಾಗಿ ಪೆಂಟ್ಟಿಯ ಹುಡುಗರ ಪಟ್ಟಿಗಳು ಹಲಗೆಯ ಬುಡದಲ್ಲಿ, ನನ್ನ ಮೊಣಕಾಲಿನ ಎತ್ತರದಲ್ಲಿ ಇರುತ್ತಿದ್ದವು. ಅಂಟಿಸಲು ನಾನು ಬಗ್ಗಬೇಕಾಗುತ್ತಿತ್ತು.

ನನಗೆ ಪೆಂಟ್ಟಿಯ ವರದಿ ಅಪರಿಚಿತ ಅನ್ನಿಸಲಿಲ್ಲ. ನಮ್ಮ ಅತ್ತೆ ಹಾಸನದ ಕಡೆಯವರು. ಮದುವೆಯಾದ ದಿನದಿಂದ ನನ್ನ ಸಾರಿಗೆ ಅವರ ಬಾಯಲ್ಲಿ ಒಂದೇ ಮಾತು, "ಪರ್ವಾಗಿಲ್ಲ". ಎರಡು ಸಲ ಬಡಿಸಿಕೊಂಡು ತಿಂದರೂ ಅಷ್ಟೇ.

ಪೆಂಟ್ಟಿಯ ಕೆಲಸದ ಕೊನೆಯ ವರ್ಷ ಯೂಸೊ ಎಂಬ ಹುಡುಗನ ವರದಿ ಬಂತು. ಎಂದಿನ ಹಾಗೆ ನಾಲ್ಕು ಸಾಲು. "ಪಕ್ ಬರುವ ಮುಂಚೆ ಅಲ್ಲಿರುತ್ತಾನೆ. ಕೆಟ್ಟದ್ದಲ್ಲ." ಕೊನೆಗೆ ಏಳು. ಬೆರಳು ತಪ್ಪಿ ಬಿದ್ದಿರಬೇಕೆಂದು ಫೋನು ಮಾಡಿದೆ. ಅಲ್ಲ, ಏಳೇ, ಎಂದರು. ಫೋನು ಇಡುವ ಮುಂಚೆ, ತಮ್ಮ ಮಾತಿನ ಮೇಲೆ ನಮ್ಮ ತಂಡ ಒಬ್ಬ ಹುಡುಗನನ್ನಾದರೂ ಡ್ರಾಫ್ಟಿನ ಮೊದಲ ಸುತ್ತುಗಳಲ್ಲೇ ಕರೆದದ್ದು ನೆನಪಿದೆಯೇ ಎಂದು ಕೇಳಿದರು. ನನಗೆ ನೆನಪಿರಲಿಲ್ಲ. ಅಂಥದ್ದು ನಡೆದಿರಲೇ ಇಲ್ಲ. ದೂರು ಹೇಳುವ ದನಿಯಲ್ಲ ಅದು. ಬಾಗಿಲು ಹಾಕಿಕೊಂಡು ಹೊರಡುವವರು ಎಲ್ಲ ದೀಪ ಆರಿಸಿದ್ದೇನೆಯೇ ಎಂದು ಒಮ್ಮೆ ತಿರುಗಿ ನೋಡುತ್ತಾರಲ್ಲ, ಹಾಗೆ ಕೇಳಿದರು.

ಗಾರ್ಡನ್ ಹತ್ತಿರ ಹೋಗಿ, ಪೆಂಟ್ಟಿ ಏಳು ಕೊಟ್ಟಿದ್ದಾರೆ ಅಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರ ಇಂಗ್ಲಿಷನ್ನು ನಮ್ಮ ಮಾತಿಗೆ ತಿರುಗಿಸಿದರೆ ಹೀಗೆ:

"ಓದ್ದಾಗ್ಲೇ ನಂಗೂ ಗೊತ್ತಾಯ್ತು ಸುಧಾ. ಆದ್ರೆ ಆ ರೂಮಲ್ಲಿ ಕೂತಿರೋರು ನಾನೊಬ್ಬನೇ ಅಲ್ಲ. ಅವ್ರ ಬದಲು ನಾನು ಮಾತಾಡಿದ್ರೆ ಅವನು ನನ್ನ ಹುಡುಗ ಆಗ್ತಾನೆ. ಒಂದು ಸಲ ಅವ್ರೇ ಎದ್ದು ನಿಲ್ಲಲಿ."

ಕೊನೆಯ ವರ್ಷವಾದ್ದರಿಂದ ಆ ಸಲದ ಮೀಟಿಂಗಿಗೆ ಪೆಂಟ್ಟಿಯನ್ನು ಇಲ್ಲಿಗೇ ಕರೆಸಿದರು. ಹೋಟೆಲಿನಲ್ಲಿ ಒಂದು ದಿನ ಇದ್ದರು. ಮಾರನೆಯ ದಿನ ನಾನು ಹೇವರ್ಡಿನ ನಮ್ಮ ಮನೆಗೆ ಊಟಕ್ಕೆ ಕರೆದೆ. ಬೇರೆ ಏನೋ ಮಾಡೋಣವೆಂದರೆ ಅತ್ತೆ ಒಪ್ಪಲಿಲ್ಲ, ಮುದ್ದೆ ಬಸ್ಸಾರೇ ಆಯಿತು. ಪೆಂಟ್ಟಿ ಮುದ್ದೆಯನ್ನು ಮೂಸಿ ನೋಡಿ, ತಮ್ಮ ತಾಯಿ ರೈ ಎಂಬ ಧಾನ್ಯದ ಹಿಟ್ಟಿನ ಗಂಜಿ ಮಾಡುತ್ತಿದ್ದರು, ಇದೇ ಬಣ್ಣ, ಎಂದರು. ಆಮೇಲೆ ಬಾಯಿಗಿಟ್ಟು ಅಗಿಯತೊಡಗಿದರು.

"ಅಗೀಬ್ಯಾಡ ಕಣಪ್ಪ, ನುಂಗು," ಅಂದರು ಅತ್ತೆ.

"ಅಜ್ಜಿ, ಹಿ ಡಸಂಟ್ ಅಂಡರ್‌ಸ್ಟ್ಯಾಂಡ್ ಯೂ," ಅಂದಳು ನನ್ನ ಮಗಳು ಮೇಘ.

"ಅರ್ತ ಮಾಡ್ಕಳಾಕೆ ಏನೈತೆ ಇದ್ರಲ್ಲಿ?" ಎಂದು ಅತ್ತೆ ತಾವೇ ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗಿಟ್ಟು, ತಲೆ ಸ್ವಲ್ಪ ಎತ್ತಿ ಗಂಟಲಲ್ಲಿ ಇಳಿಸಿ ತೋರಿಸಿದರು. ಪೆಂಟ್ಟಿ ಹಾಗೇ ಮಾಡಿದರು. ಸ್ಕೌಟಿನ ಕಣ್ಣು, ಒಂದು ಸಲ ನೋಡಿದರೆ ಸಾಕು.

ಕೈ ತೊಳೆದು ಕೂತಾಗ ಅವರಿಗೆ ನನ್ನ ಸಾರಿನ ವಿಷಯ ಹೇಳಿದೆ. ಈ ಮನೆಯ ಗೃಹಪ್ರವೇಶದ ದಿನ ಅತ್ತೆಯ ತಂಗಿಯರು, ಅವರ ಮಕ್ಕಳು, ನಮ್ಮವರ ಸ್ನೇಹಿತರು ಎಲ್ಲ ತುಂಬಿದ್ದರು. ಅಷ್ಟು ಜನರ ನಡುವೆ ಅತ್ತೆ ಎಲೆಯ ಮುಂದೆ ಕೂತು, "ನಮ್ಮ ಸುದಾ ಮಾಡಿದ್ ಸಾರು ಸಂದಾಕೈತೆ" ಅಂದಿದ್ದರು. ಅದೊಂದೇ ಸಲ. ಅಡುಗೆಮನೆಯಲ್ಲಿ ನನ್ನೊಬ್ಬಳಿಗೇ ಹೇಳಿದ್ದಿದ್ದರೆ ಇಷ್ಟು ದಿನ ಜ್ಞಾಪಕ ಇರುತ್ತಿರಲಿಲ್ಲವೇನೋ. ಪೆಂಟ್ಟಿ ಕುರ್ಚಿ ಹತ್ತಿರ ಎಳೆದುಕೊಂಡು ಕೇಳಿದರು.

"ಎಲ್ಲರ ಎದುರಿಗಾ?"

"ಹೂಂ. ಎಲ್ಲರ ಎದುರಿಗೆ."

ಮೀಟಿಂಗಿನ ದಿನ ಮೊದಲು ಡಗ್ ಎದ್ದು ನಿಂತರು. ಅವರ ಹುಡುಗ ಕೋಲ್, ಕೆನಡಾದ ಬಯಲಿನ ಒಂದು ಪುಟ್ಟ ಊರಿನವನು. ನಿಜಕ್ಕೂ ಒಳ್ಳೆಯ ಆಟಗಾರ. ಡಗ್ ತೋಳು ಮಡಿಚಿಕೊಂಡು ಶುರು ಮಾಡಿ, ಮುಗಿಸುವಾಗ ಕೋಟು ಬಿಚ್ಚಿದ್ದರು. ಕೋಲ್‌ನ ಪಟ್ಟಿ ಆಗಲೇ ಮೇಲಿತ್ತು, ಇನ್ನಷ್ಟು ಮೇಲೆ ಹೋಯಿತು. ಆಮೇಲೆ ಪೆಂಟ್ಟಿಯ ಸರದಿ. ನಾನು ಹಲಗೆಯ ಪಕ್ಕದಲ್ಲಿದ್ದೆ. ಅವರು "ನಾನು ಬರೆದಿದ್ದೀನಲ್ಲ" ಅನ್ನಲು ಬಾಯಿ ತೆರೆದದ್ದು ನನಗೆ ಕಂಡಿತು. ಆಮೇಲೆ ಮುಚ್ಚಿದರು. ಕುರ್ಚಿ ಹಿಂದಕ್ಕೆ ಸರಿಸಿ ಎದ್ದು ನಿಂತರು. ನಿಂತೇ ಇದ್ದರು. ಡಗ್ ಕೂಡ ಕಾಫಿ ಕಪ್ಪನ್ನು ಅರ್ಧದಲ್ಲೇ ಹಿಡಿದುಕೊಂಡರು.

"ನಲವತ್ತು ವರ್ಷದಿಂದ ನಾನು ಹಾಕಿ ಪಂದ್ಯಕ್ಕೆ ಟಿಕೆಟ್ ಕೊಂಡಿಲ್ಲ," ಅಂದರು ಪೆಂಟ್ಟಿ. "ಸ್ಕೌಟುಗಳನ್ನ ಯಾರೂ ಟಿಕೆಟ್ ಕೇಳಲ್ಲ. ಯೂಸೊ ಇಲ್ಲಿ ಆಡೋ ದಿನ ನಾನು ಟಿಕೆಟ್ ಕೊಂಡು ಬಂದು ನೋಡ್ತೀನಿ."

ಕೂತುಬಿಟ್ಟರು. ಅಷ್ಟೇ.

ಗಾರ್ಡನ್ ಗಮ್ಮಿನ ಕಾಗದ ಮಡಿಚುತ್ತ ಕೇಳಿದರು, "ಯಾವ ಸೀಟು?"

"ಮೂಲೆ. ಮೇಲ್ಗಡೆ." ಸ್ಕೌಟುಗಳು ಯಾವಾಗಲೂ ಕೂರುವ ಜಾಗ ಅದು, ಅಲ್ಲಿಂದ ಪಕ್ ಇಲ್ಲದ ಕಡೆಯೂ ಕಾಣುತ್ತದೆ.

ಗಾರ್ಡನ್ ಬಂದು ಬಗ್ಗಿ ಯೂಸೊನ ಪಟ್ಟಿ ಕಿತ್ತು ಕೋಲ್‌ನ ಪಟ್ಟಿಯ ಕೆಳಗೆ ಅಂಟಿಸಿದರು. ನನ್ನ ಕಣ್ಣಿನ ಎತ್ತರಕ್ಕೆ.

ಡ್ರಾಫ್ಟಿನ ದಿನ ಮೊದಲ ಸರದಿಗೆ ಕೋಲ್‌ನನ್ನು ಕರೆದೆವು. ನಮ್ಮ ಮುಂದಿನ ಸರದಿ ಬರುವುದರೊಳಗೆ ಉಳಿದ ತಂಡಗಳೆಲ್ಲ ಒಂದು ಸುತ್ತು ಕೂಗಬೇಕು. ಪ್ರತಿ ಸಲ ಮೈಕಿನಲ್ಲಿ ಫಿನ್ಲೆಂಡು ಎಂಬ ಮಾತು ಬಂದಾಗ ನಾನು ಹೆಸರು ಕೇಳಲು ಮುಂದಕ್ಕೆ ಬಗ್ಗುತ್ತಿದ್ದೆ. ಪೆಂಟ್ಟಿ ಹಿಂದಿನ ಕುರ್ಚಿಯಲ್ಲಿ ಕೂತು ಒಂದು ಕಿತ್ತಳೆ ಸುಲಿದರು, ತೊಳೆ ಬಿಡಿಸಿದರು, ಕರವಸ್ತ್ರದ ಮೇಲೆ ಸಾಲಾಗಿ ಇಟ್ಟರು, ಒಂದನ್ನೂ ತಿನ್ನಲಿಲ್ಲ. ಯೂಸೊ ನಮಗೇ ಉಳಿದ. ಬೇರೆ ತಂಡಗಳ ಫಿನ್ಲೆಂಡಿನ ಸ್ಕೌಟುಗಳೂ "ಕೆಟ್ಟದ್ದಲ್ಲ" ಅಂತಲೇ ಬರೆದಿದ್ದಿರಬೇಕು. ನಮ್ಮ ತಂಡದವರು ಅವನ ಹೆಸರು ಕೂಗಿದ ಮೇಲೆ ಪೆಂಟ್ಟಿ ಕಿತ್ತಳೆಯನ್ನು ಒಂದೊಂದೇ ತೊಳೆ ತಿಂದು ಮುಗಿಸಿದರು. ನನಗೂ ಒಂದು ಕೊಟ್ಟರು.

ಇಲ್ಲಿಗೆ ಕಥೆ ಮುಗಿಯಿತು ಎಂದು ಹೊಸಬರು ತಿಳಿಯುತ್ತಾರೆ. ಈ ಕೆಲಸಕ್ಕೆ ಬರುವ ಮಕ್ಕಳು ಗಮನವಿಟ್ಟು ಕೇಳಬೇಕಾದದ್ದು ಇಲ್ಲಿಂದ. ಆ ಬೇಸಿಗೆಯ ತರಬೇತಿಗೆ ಯೂಸೊ ಬಂದ. ನೀಳ ಕಾಲು, ಕೆಂಪು ಕಿವಿ, ಮಾತಿಲ್ಲ. ಫಿನ್ಲೆಂಡಿನ ಮೈದಾನ ಅಗಲ, ಇಲ್ಲಿನದು ಇಕ್ಕಟ್ಟು. ಇನ್ನೂ ಜಾಗ ಇದೆ ಅಂದುಕೊಂಡು ತಿರುಗಿದ ಕಡೆಯಲ್ಲೆಲ್ಲ ಗೋಡೆ. ಧಡ್ ಅಂತ ಹೊಡೆದುಕೊಂಡು ಬೀಳುವುದು, ಏಳುವುದು. ನಾಲ್ಕನೇ ಸಲ ಬಿದ್ದಾಗ ಗಾರ್ಡನ್ ನನ್ನ ಕಡೆ ನೋಡಿದರು, ನಾನು ಸೂರು ನೋಡಿದೆ. ಪೆಂಟ್ಟಿಗೆ ಫೋನು ಮಾಡಿದರೆ, ಅವನನ್ನು ಮನೆಗೆ ಕಳಿಸಿ, ಗಂಡಸರ ಜೊತೆ ಇನ್ನೆರಡು ಚಳಿಗಾಲ ಆಡಲಿ, ಎಂದರು. ಯೂರೋಪಿನ ಹುಡುಗನಾದರೆ ಆಗ ನಮಗೆ ಕಾಯಲು ಹೆಚ್ಚು ಕಾಲ ಸಿಗುತ್ತಿತ್ತು. ಆದರೆ ಅದಕ್ಕೂ ಒಂದು ಗಡುವು. ಅದರೊಳಗೆ ಅವನನ್ನು ಕರೆಸಿಕೊಳ್ಳದಿದ್ದರೆ ಅವನು ನಮ್ಮವನಲ್ಲ, ಪೆಂಟ್ಟಿಯ ಏಳೂ ಹೋದ ಹಾಗೆಯೇ.

ಕಾಯುತ್ತ ಕಾಯುತ್ತ ಆಫೀಸು ಬದಲಾಯಿತು. ಪೆಂಟ್ಟಿ ನಿವೃತ್ತರಾಗಿ ಊರಿಗೆ ಹೋಗಿದ್ದರು. ಗಾರ್ಡನ್ ಕೂಡ ತಮ್ಮ ಬಯಲಿಗೆ ವಾಪಸ್ಸಾದರು. ಹಲಗೆ ಹೋಗಿ ಪರದೆ ಬಂತು. ಪಟ್ಟಿ ಸರಿಸಲು ಬಗ್ಗುವ ಕೆಲಸ ಇಲ್ಲ, ನನ್ನ ಬೆನ್ನಿಗೆ ಪುಣ್ಯ. ಫಿನ್ಲೆಂಡಿನ ಒಂದು ಗೋಲು ಕೆನಡಾದ ಎಷ್ಟು ಗೋಲಿಗೆ ಸಮ ಎಂದು ಲೆಕ್ಕ ಹಾಕುವ ಹುಡುಗ ಹುಡುಗಿಯರು ಬಂದರು. ಜಾಣರು, ಒಳ್ಳೆಯವರು, ಮಧ್ಯಾಹ್ನದ ಚಿತ್ರಾನ್ನ ನನ್ನ ಡಬ್ಬಿಯಿಂದಲೇ ತಿನ್ನುತ್ತಿದ್ದರು. ಬರೆಯುವ ಸ್ಕೌಟು ಯಾರು ಎನ್ನುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದು ಅವರೇ ಕಂಡುಕೊಂಡು, ಹಳೆಯ ವರದಿಗಳನ್ನೆಲ್ಲ ನನ್ನಿಂದ ಕೇಳಿ ತೆಗೆಸಿಕೊಂಡರು. ಯೂರೋಪಿನವರು ಮೇಲೋ ಇಲ್ಲಿನವರು ಮೇಲೋ ಎಂದು ಈಗಲೂ ಪಾರ್ಟಿಗಳಲ್ಲಿ ನಮ್ಮವರ ಸ್ನೇಹಿತರು ಕೇಳುತ್ತಾರೆ. ನನಗೆ ಗೊತ್ತಿಲ್ಲ. ಕೋಲ್ ಬೇಗ ಬಂದ, ಚೆನ್ನಾಗೇ ಆಡುತ್ತಿದ್ದಾನೆ, ಅವನನ್ನು ಕರೆದದ್ದಕ್ಕೆ ಯಾರೂ ಪಶ್ಚಾತ್ತಾಪ ಪಡಬೇಕಾಗಿಲ್ಲ. ಯೂಸೊ ತಡಮಾಡಿದ. ಗಡುವು ಮುಗಿಯುವ ಬೇಸಿಗೆಯಲ್ಲಿ ಬಂದು ಸಹಿ ಹಾಕಿ, ನಮ್ಮ ಕೆಳಹಂತದ ತಂಡದಲ್ಲಿ ಆಡುತ್ತ ಇಲ್ಲಿನ ಗೋಡೆಗಳ ಅಭ್ಯಾಸ ಮಾಡಿಕೊಂಡ. ಅವನು ಮೇಲಿನ ತಂಡಕ್ಕೆ ಬರುವ ಮೊದಲೇ ನಾನೂ ಕೆಲಸ ಬಿಟ್ಟೆ.

ಮೊನ್ನೆ ಆಫೀಸಿನ ಹುಡುಗಿಯೊಬ್ಬಳು ಫೋನು ಮಾಡಿ, ಭಾನುವಾರ ಮಧ್ಯಾಹ್ನದ ಪಂದ್ಯಕ್ಕೆ ಯೂಸೊನನ್ನು ಇಳಿಸುತ್ತಾರೆ ಎಂದಳು. ಪೆಂಟ್ಟಿಗೆ ತಿಳಿಸಿದೆ. ಅವರು ವಿಮಾನದ ವೇಳೆ ಕಳಿಸಿದರು. ತಂಡದವರು ನಮ್ಮಿಬ್ಬರಿಗೂ ಒಳ್ಳೆಯ ಜಾಗದ ಪಾಸು ಕಳಿಸಿದ್ದರು. ಪೆಂಟ್ಟಿ ಬೇಡ ಎಂದರು.

ನಮ್ಮವರಿಗೆ ನಗು. "ಫ್ರೀ ಸಿಕ್ಕಿರೋದನ್ನ ಬಿಟ್ಟು ಮೂಲೇಲಿ ಹೋಗಿ ಕೂರ್ತೀರಾ? ಇಬ್ರಿಗೂ ರಿಟೈರ್ ಆಗಿದ್ದು ತಲೆಗೆ ಹತ್ತಿದೆ."

ಕೌಂಟರಿನಲ್ಲಿ ನಿಂತು ಕಾಗದದ ಟಿಕೆಟು ಕೊಳ್ಳಬೇಕೆಂದು ಪೆಂಟ್ಟಿ ಬೂಟು ಪಾಲಿಶು ಮಾಡಿಕೊಂಡು ಹೊರಟರೆ, ಈಗ ಕಾಗದದ ಟಿಕೆಟೇ ಇಲ್ಲ. ಎಲ್ಲ ಫೋನಿನಲ್ಲಿ. ಮೇಘ ತಾನೇ ತನ್ನ ಫೋನಿನಲ್ಲಿ ತೆಗೆದುಕೊಡುತ್ತೇನೆಂದಳು, ಅದಕ್ಕೂ ಒಪ್ಪಲಿಲ್ಲ. ಕೊನೆಗೆ ಅವಳು ಪಕ್ಕದಲ್ಲಿ ಕೂತು ಅವರ ಫೋನಿಗೆ ಆ್ಯಪ್ ಇಳಿಸಿ, ಎಲ್ಲೆಲ್ಲಿ ಒತ್ತಬೇಕೆಂದು ತೋರಿಸಿದಳು. ಒತ್ತಿದ್ದೆಲ್ಲ ಅವರೇ. ಗೇಟಿನಲ್ಲಿ ಫೋನನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದು ನಿಂತರು. ಮೆಷಿನ್ನು ಕೀಂಯ್ ಎಂದಿತು. ಇಷ್ಟೇನಾ ಎನ್ನುವ ಹಾಗೆ ನನ್ನ ಕಡೆ ನೋಡಿದರು.

ಮೂಲೆಯಲ್ಲಿ, ಮೇಲ್ಗಡೆ ಕೂತೆವು. ಯೂಸೊ ಹೆಚ್ಚು ಹೊತ್ತು ಬೆಂಚಿನ ಮೇಲೇ ಇದ್ದ. ಇಳಿದಾಗ ತಪ್ಪು ಮಾಡಲಿಲ್ಲ, ಗೋಡೆಗೂ ಹೊಡೆದುಕೊಳ್ಳಲಿಲ್ಲ. ಪಂದ್ಯದ ಮೂರನೇ, ಕೊನೆಯ ಭಾಗದಲ್ಲಿ ಒಂದು ಸಲ ಎಲ್ಲರೂ ಪಕ್ಕಿನ ಹಿಂದೆ ಎಡಕ್ಕೆ ಓಡಿದರು. ಇವನೊಬ್ಬ ಬಲಕ್ಕೆ, ಯಾರೂ ಇಲ್ಲದ ಜಾಗಕ್ಕೆ ಹೋಗಿ ನಿಂತ. ಪಕ್ ಯಾರದೋ ಹಾಕಿ ಸ್ಟಿಕ್ಕಿಗೆ ತಗುಲಿ, ತಿರುಗಿ, ಸೀದಾ ಅಲ್ಲಿಗೇ ಬಂತು. ಇವನು ಒಬ್ಬನಿಗೆ ಕೊಟ್ಟ, ಅವನು ಇನ್ನೊಬ್ಬನಿಗೆ, ಅವನು ಮತ್ತೊಬ್ಬನಿಗೆ, ಗೋಲು. ಹೊಡೆದವನ ಹೆಸರು, ಅದಕ್ಕೆ ಮುಂಚಿನ ಇಬ್ಬರ ಹೆಸರು ಮಾತ್ರ ದಾಖಲಾಗುತ್ತದೆ. ಯೂಸೊನ ಹೆಸರು ಎಲ್ಲೂ ಬರಲಿಲ್ಲ. ಸುತ್ತಲಿನವರೆಲ್ಲ ಎದ್ದು ಕುಣಿಯುತ್ತಿದ್ದರು. ಪೆಂಟ್ಟಿಯೂ ಎದ್ದು ನಿಂತಿದ್ದರು, ಆದರೆ ಗೋಲಿನ ಕಡೆ ನೋಡುತ್ತಿರಲಿಲ್ಲ. ಅವನು ಬಲಗಡೆ ನಿಂತಿದ್ದ ಆ ಖಾಲಿ ಜಾಗವನ್ನೇ ನೋಡುತ್ತಿದ್ದರು. ಎಲ್ಲರೂ ಕೂತ ಮೇಲೂ ಸ್ವಲ್ಪ ಹೊತ್ತು ನಿಂತೇ ಇದ್ದರು. ಹಿಂದಿನವರು ಕೂರಿ ಎಂದರು, ಕೂತರು.

ಮನೆಗೆ ಬಂದು ಮುದ್ದೆ ತಿರುವಿದೆ. ಮೆಷಿನ್ನಿನಲ್ಲಿ ಮರೆತಿದ್ದ ಬಟ್ಟೆಯನ್ನು ನಮ್ಮವರು ಒಣಗಿಸಿ ಮಡಿಚಿಟ್ಟಿದ್ದರು. ಎಲ್ಲರೂ ಊಟಕ್ಕೆ ಕೂತೆವು.

"ಎಂಗಾಡ್ದ ನಿನ್ ಹುಡ್ಗ?" ಎಂದು ಅತ್ತೆ ಪೆಂಟ್ಟಿಯನ್ನು ಕೇಳಿದರು. ಮೇಘ ಇಂಗ್ಲಿಷಿಗೆ ತಿರುಗಿಸಿದಳು. ಪೆಂಟ್ಟಿ ತುತ್ತು ನುಂಗಿ, ಎಡಗೈಯ ಐದು ಬೆರಳು, ಸಾರು ಹತ್ತಿದ ಬಲಗೈಯ ಮೂರು ಬೆರಳು ಎತ್ತಿ ಹಿಡಿದರು. ಹಿಡಿದೇ ಇದ್ದರು, ನಾನು ನೋಡುವ ತನಕ.

ಅತ್ತೆ ಬೆರಳು ಎಣಿಸಿದರು. "ಎಂಟಾ? ಈ ವಯಸ್ಸಲ್ಲಿ ಎಂಟು ಮುದ್ದೆ ತಿಂದ್ರೆ ಏನ್ ಗತಿ! ಸುದಾ, ಇನ್ನೊಂದ್ ಹಾಕು, ಸಾಕು."

ನಾನು ತಿದ್ದಲಿಲ್ಲ. ಇನ್ನೊಂದು ಮುದ್ದೆ ಹಾಕಿದೆ, ಮೇಲೆ ಸಾರು ಬಿಟ್ಟೆ. ಅವರು ಅಗಿಯದೆ ನುಂಗಿದರು.

ಮುದ್ದೆ, ಹಲಸಂದೆ ಕಾಳು ಪಾಲಕ್ಕಿನ ಬಸ್ಸಾರು, ಅದರದೇ ಪಲ್ಯ, ಅನ್ನ, ಮಜ್ಜಿಗೆ. ಸಾರಿಗೆ ಅತ್ತೆಯ ತೀರ್ಪು ಪರ್ವಾಗಿಲ್ಲ. ಮೊದಲು ಮಲಗಿದ್ದು ಪೆಂಟ್ಟಿ. ಸೋಫಾದ ಮೇಲೆ, ಕೂತಲ್ಲೇ, ಫೋನು ಕೈಯಲ್ಲೇ ಹಿಡಿದು. ಪರದೆಯ ಮೇಲೆ ಟಿಕೆಟು ಇನ್ನೂ ಹಾಗೇ ಇತ್ತು. ಅತ್ತೆ ತಮ್ಮ ಶಾಲು ತಂದು ಅವರಿಗೆ ಹೊದಿಸಿ, ತಾವೂ ಹೋಗಿ ಮಲಗಿದರು.